ಕೇಳಿ, ಹೇಳ್ತೀವಿ: ಜಯಮಂಗಲಿ ಕಣಿವೆಯ ಬಂಡೆ, ಸೀಳು, ನೀರು

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ, ‘ನಿಮ್ಮೂರ ಬೆಟ್ಟ, ಬಂಡೆ, ಕಲ್ಲಿನ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ’ ಅಂತ ಒಂದು ಸಾಲು ಹಾಕಿದ್ದೆ. ತುಮಕೂರು ಕಡೆಯಿಂದ, ಅದರಲ್ಲೂ ಜಯಮಂಗಲಿ ಹರಿಯುವ ಕೊರಟಗೆರೆ, ಮಧುಗಿರಿ ಸೀಮೆಯಿಂದ ಪತ್ರಗಳು ಜಾಸ್ತಿ ಬಂದಿವೆ. ಗೌರಿಬಿದನೂರು, ಕೋಲಾರದವರೂ ಬಿಟ್ಟಿಲ್ಲ. ಕಲ್ಲಿನ ಬಗ್ಗೆ ಕೇಳಿ ಅಂದರೆ ಅರ್ಧಕ್ಕರ್ಧ ಜನ ಬೋರ್‌ವೆಲ್ ಬಗ್ಗೆ ಕೇಳಿದ್ದೀರಿ. ತಪ್ಪೇನಿಲ್ಲ, ನಮ್ಮ ಕಡೆ ಕಲ್ಲಿನ ಮಾತು ಎಲ್ಲಿಂದ ಶುರುವಾದರೂ ನೀರಿಗೇ ಬಂದು ನಿಲ್ಲುತ್ತದೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಉತ್ತರಗಳಲ್ಲಿ ಬಂಡೆಗಿಂತ ಬಂಡೆಯ ಸೀಳಿನ ಮಾತೇ ಜಾಸ್ತಿ ಆಗಿದೆ. ಅದಕ್ಕೆ ಕಾರಣ ಓದುತ್ತಾ ಗೊತ್ತಾಗುತ್ತದೆ.

ಪ್ರಶ್ನೆ: ದೇವರಾಯನದುರ್ಗದ ಮೇಲೆ ನಿಂತರೆ ಒಂದು ಕಡೆ ಶಿವಗಂಗೆ, ಇನ್ನೊಂದು ಕಡೆ ಚನ್ನರಾಯನದುರ್ಗ, ಮಧುಗಿರಿ. ಎಲ್ಲಾ ಯಾರೋ ದಾರ ಹಿಡಿದು ಸಾಲಾಗಿ ಇಟ್ಟ ಹಾಗೆ ಕಾಣುತ್ತವೆ. ಇದು ಸುಮ್ನೆ ಕಣ್ಣಿಗೆ ಹಾಗೆ ಕಾಣುವುದಾ? ಮತ್ತೆ ಈ ಬೆಟ್ಟಗಳೆಲ್ಲ ಯಾಕೆ ಹೀಗೆ ಬೋಳು ಬೋಳಾಗಿ ದುಂಡಗಿವೆ? (ಕೊರಟಗೆರೆ ತಾಲೂಕಿನಿಂದ ಒಬ್ಬ ಓದುಗರು)

ಉತ್ತರ: ಸಾಲು ನಿಜವಾದದ್ದೇ. ಮೊಬೈಲಿನಲ್ಲಿ ನಕ್ಷೆ ತೆಗೆದು ಒಂದೊಂದೇ ಊರಿನ ರೇಖಾಂಶ ನೋಡಿ. ರಾಮನಗರ, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡ, ಎಲ್ಲವೂ 77.2, 77.3 ಡಿಗ್ರಿಯ ಆಸುಪಾಸಿನಲ್ಲೇ ಸಿಗುತ್ತವೆ. ಇವೆಲ್ಲ ದಕ್ಷಿಣದಿಂದ ಉತ್ತರಕ್ಕೆ ಹಾದುಹೋಗುವ ಒಂದೇ ಗ್ರಾನೈಟ್ ಪಟ್ಟಿಯ ಬೆಟ್ಟಗಳು. ಪಟ್ಟಿಯ ಉದ್ದ ಸುಮಾರು 400 ಕಿಲೋಮೀಟರ್, ಅಗಲ ಹೆಚ್ಚಿನ ಕಡೆ 20 ಕಿಲೋಮೀಟರ್ ಆಸುಪಾಸು. ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರವನ್ನು ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅನ್ನುತ್ತಿದ್ದರು, ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ. ಊರಿನ ಹೆಸರು ಹೋಯಿತು, ಕಲ್ಲಿಗೆ ಮಾತ್ರ ಅಂಟಿಕೊಂಡೇ ಇದೆ.

ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಅದಕ್ಕೂ ಮೊದಲು ಇಲ್ಲಿ ನೆಲ ಇತ್ತು. ಅದು ಬೂದು, ಬಿಳಿ, ಕಪ್ಪು ಪಟ್ಟೆ ಪಟ್ಟೆಯಾಗಿರುವ ನೈಸ್ ಎಂಬ ಕಲ್ಲು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದ್ದೀರಿ ಅಲ್ವಾ, ಅದೇ ಜಾತಿ, ಅದರ ವಯಸ್ಸು 300 ಕೋಟಿ ವರ್ಷದ ಸುತ್ತಮುತ್ತ. ಆ ಹಳೆಯ ನೆಲದ ಉದ್ದನೆಯ ಬಿರುಕಿನಗುಂಟ ಕೆಳಗಿಂದ ಕರಗಿದ ಕಲ್ಲು ಏರಿ ಬಂದು, ಮೇಲಕ್ಕೆ ಬಾರದೆ ಆಳದಲ್ಲೇ ನಿಧಾನಕ್ಕೆ ಗಟ್ಟಿಯಾಯಿತು. ಮೇಲೆ ಮುಚ್ಚಿಕೊಂಡಿದ್ದ ಕಿಲೋಮೀಟರ್‌ಗಟ್ಟಲೆ ಕಲ್ಲು ಮಳೆ, ಗಾಳಿಗೆ ಸವೆದು ಹೋದ ಮೇಲೆ ಈಗ ನಮಗೆ ಕಾಣುತ್ತಿದೆ. ಅಂದರೆ ನೀವು ನಿಂತಿರುವ ಬೆಟ್ಟದ ನೆತ್ತಿ ಒಂದು ಕಾಲಕ್ಕೆ ಪಾತಾಳದಲ್ಲಿತ್ತು. ಇನ್ನೊಂದು ಸ್ವಾರಸ್ಯ: ಸವೆತ ಎಲ್ಲಾ ಕಡೆ ಒಂದೇ ಸಮ ಆಗಿಲ್ಲ. ರಾಮನಗರದ ಕಡೆ ಹೋದಷ್ಟೂ ಆ ಪಟ್ಟಿಯ ಹೆಚ್ಚು ಆಳದ ಭಾಗ ಮೇಲೆ ಬಂದಿದೆ, ಉತ್ತರಕ್ಕೆ ಹೋದಷ್ಟೂ ಕಡಿಮೆ ಆಳದ್ದು.

ನಿಧಾನಕ್ಕೆ ತಣಿದದ್ದಕ್ಕೆ ಸಾಕ್ಷಿ ಬೇಕಾ? ದುರ್ಗದ ರಸ್ತೆ ಪಕ್ಕದಲ್ಲಿ ಹೊಸದಾಗಿ ಒಡೆದ ಬಂಡೆಯ ಮುಖ ಹುಡುಕಿ, ಹತ್ತಿರ ಹೋಗಿ. ಹೆಬ್ಬೆರಳು ಗಾತ್ರದ, ಗುಲಾಬಿ ಬಣ್ಣದ ಆಯತಾಕಾರದ ತುಂಡುಗಳು ಕಲ್ಲಿನ ತುಂಬಾ ಹರಡಿರುತ್ತವೆ. ಅವು ಫೆಲ್ಡ್‌ಸ್ಪಾರ್ ಹರಳುಗಳು. ಸಂದಿಯಲ್ಲಿ ಗಾಜಿನಂತೆ ಬೂದುಬಣ್ಣದ್ದು ಬೆಣಚು, ಕರ್ರಗೆ ಮಿಣುಗುವುದು ಅಭ್ರಕ. ಈಗ ತಲೆಯನ್ನು ಸ್ವಲ್ಪ ಆ ಕಡೆ ಈ ಕಡೆ ಮಾಡಿ ಬಿಸಿಲಿನಲ್ಲಿ ಒಂದೇ ಗುಲಾಬಿ ಹರಳನ್ನು ನೋಡಿ. ಅದರ ಅರ್ಧ ಭಾಗ ಫಳ್ ಎಂದು ಮಿಂಚುತ್ತದೆ, ಇನ್ನರ್ಧ ಮಂಕಾಗಿಯೇ ಇರುತ್ತದೆ, ಮಧ್ಯೆ ಗೆರೆ ಎಳೆದ ಹಾಗೆ. ಎರಡು ಹರಳು ಒಂದಕ್ಕೊಂದು ಅಂಟಿಕೊಂಡು ಅವಳಿಯಾಗಿ ಬೆಳೆದಿವೆ ಅಂತ ಅರ್ಥ. ಕೆಲವು ಕಡೆ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರುತ್ತವೆ. ಕಲ್ಲು ಇನ್ನೂ ಪೂರ್ತಿ ಗಟ್ಟಿಯಾಗದೆ ಹರಿಯುತ್ತಿದ್ದಾಗಿನ ಗುರುತು ಅದು.

ಇನ್ನು ಬೋಳು, ದುಂಡು. ಮೇಲಿನ ಭಾರ ಕಳೆದುಕೊಂಡ ಬಂಡೆ ಸ್ವಲ್ಪ ಉಬ್ಬುತ್ತದೆ. ಆಗ ಮೇಲ್ಮೈಗೆ ಸಮನಾಗಿ ಪದರ ಪದರವಾಗಿ ಬಿಡುತ್ತದೆ. ಪದರ ಜಾರಿ ಬಿದ್ದಾಗ ಮೂಲೆಗಳು ಹೋಗಿ ದುಂಡಗಿನ ಮೈ ಉಳಿಯುತ್ತದೆ, ಅದರ ಮೇಲೆ ಮಣ್ಣು ನಿಲ್ಲುವುದಿಲ್ಲ. ಆದರೆ ಮುಖ್ಯ ವಿಷಯ ಇದು: ಎಲ್ಲಿ ನೆಟ್ಟಗಿನ ಸೀಳುಗಳು ಕಡಿಮೆಯೋ ಅಲ್ಲಿ ಬೆಟ್ಟ ನಿಂತಿದೆ. ಎಲ್ಲಿ ಸೀಳು ಒತ್ತೊತ್ತಾಗಿ ಇತ್ತೋ ಅಲ್ಲಿ ನೀರು ಹೊಕ್ಕು, ಕಲ್ಲು ಕೊಳೆತು, ಪುಡಿಯಾಗಿ ಕಣಿವೆಯಾಗಿದೆ. ಬೆಟ್ಟವೂ ಕಣಿವೆಯೂ ಒಂದೇ ಕಲ್ಲು. ವ್ಯತ್ಯಾಸ ಇರುವುದು ಸೀಳಿನ ಲೆಕ್ಕದಲ್ಲಿ.

ಪ್ರಶ್ನೆ: ನಮ್ಮ ಮಧುಗಿರಿ ಏಕಶಿಲಾ ಬೆಟ್ಟ ಏಷ್ಯಾದಲ್ಲೇ ಎರಡನೆಯ ದೊಡ್ಡದು ಅಂತಾರೆ. ನಿಜವಾ? (ಮಧುಗಿರಿಯಿಂದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ದೊಡ್ಡದು ಅನ್ನುವುದರಲ್ಲಿ ಅನುಮಾನ ಬೇಡಮ್ಮ, ಸಮುದ್ರ ಮಟ್ಟದಿಂದ ಸುಮಾರು 1200 ಮೀಟರ್ ಎತ್ತರದ ಬಂಡೆ ಅದು. ಆದರೆ ಎರಡನೆಯದು, ಮೂರನೆಯದು ಅನ್ನುವ ಪಟ್ಟಿಯನ್ನು ನಾನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಸಾವನದುರ್ಗದವರನ್ನು ಕೇಳಿದರೆ ಅವರ ಹತ್ತಿರವೂ ಒಂದು ಪಟ್ಟಿ ಇರುತ್ತದೆ. ಅಳೆಯುವುದು ಎಲ್ಲಿಂದ ಹೇಳಿ? ಬುಡದಲ್ಲಿ ಕಡಿದು ಇಟ್ಟ ಕಲ್ಲಲ್ಲ ಅದು. ಪೇಟೆಯ ಕೆಳಗೆ, ಹೊಲದ ಕೆಳಗೆ, ಜಯಮಂಗಲಿಯ ಮರಳಿನ ಕೆಳಗೆ ಅದೇ ಹುಟ್ಟುಬಂಡೆ ಮುಂದುವರಿದಿದೆ. ನಿಮ್ಮ ಮನೆ ಪಾಯ ತೆಗೆದಾಗ ಸಿಕ್ಕ ಬಂಡೆಯೂ ಬಹುಶಃ ಆ ಏಕಶಿಲೆಯದೇ.

ಪ್ರಶ್ನೆ: ಬೆಟ್ಟದ ಮೇಲೆ ಗುಂಡಿನ ಮೇಲೆ ಗುಂಡು ಪೇರಿಸಿದ ಹಾಗಿದೆ. ನಮ್ಮಜ್ಜಿ ಭೀಮ ಇಟ್ಟದ್ದು ಅನ್ನುತ್ತಿದ್ದರು. (ಕೋಲಾರದಿಂದ)

ಉತ್ತರ: ಅಜ್ಜಿ ಮಾತಿಗೆ ಎದುರು ಹೇಳಲ್ಲ, ಆದರೆ ಭೀಮ ಮೇಲಕ್ಕೆತ್ತಿ ಇಟ್ಟಿದ್ದಲ್ಲ. ಗುಂಡುಗಳು ಇದ್ದಲ್ಲೇ ಆಗಿವೆ. ಅಡ್ಡ, ಉದ್ದ ಸೀಳುಗಳು ಬಂಡೆಯನ್ನು ಚೌಕ ಚೌಕವಾಗಿ ಬಿಡಿಸಿರುತ್ತವೆ. ಮಣ್ಣಿನೊಳಗೆ ಇದ್ದಾಗಲೇ ನೀರು ಆ ಸೀಳುಗಳಲ್ಲಿ ಇಳಿದು ಮೂಲೆಗಳನ್ನು ತಿನ್ನುತ್ತದೆ. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದಲ್ಲ, ಅದಕ್ಕೇ ಮೊದಲು ಅದೇ ಕೊಳೆಯುವುದು. ಸುತ್ತಲ ಗರಸು, ಅಂದರೆ ಕೊಳೆತು ಪುಡಿಯಾದ ಕಲ್ಲು, ಕೊಚ್ಚಿ ಹೋದ ಮೇಲೆ ನಡುವಿನ ಗಟ್ಟಿ ಗುಂಡು ಅಲ್ಲೇ ಕೂತಿರುತ್ತದೆ. ನಿಮ್ಮೂರಿನ ಅಂತರಗಂಗೆ ಬೆಟ್ಟದ ಗುಹೆಗಳೂ ಇಂಥ ಗುಂಡುಗಳ ನಡುವಿನ ಸಂದಿಗಳೇ. ಅಲ್ಲಿ ಬಸವನ ಬಾಯಿಂದ ಬರುವ ನೀರೂ ಬೆಟ್ಟದ ಸೀಳುಗಳಲ್ಲಿ ಇಂಗಿ ನಿಧಾನಕ್ಕೆ ಇಳಿದು ಬಂದ ಮಳೆನೀರು.

ಪ್ರಶ್ನೆ: ಶಿಂಷಾ, ಜಯಮಂಗಲಿ ಎರಡೂ ದೇವರಾಯನದುರ್ಗದಲ್ಲೇ ಹುಟ್ಟುತ್ತವೆ ಅಂತ ಓದಿದೆ. ಹಾಗಿದ್ದರೆ ಒಂದು ಕಾವೇರಿಗೆ, ಇನ್ನೊಂದು ಆಂಧ್ರಕ್ಕೆ ಹೋಗುವುದು ಹೇಗೆ? ನಾಮದ ಚಿಲುಮೆ ನೀರು ಯಾವ ಕಡೆಯದು? (ತುಮಕೂರು ನಗರದಿಂದ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಹೆಂಚಿನ ಮನೆಯ ನೆತ್ತಿ ಮೇಲೆ ಬಿದ್ದ ಮಳೆ ಅರ್ಧ ಅಂಗಳಕ್ಕೆ, ಅರ್ಧ ಹಿತ್ತಲಿಗೆ ಹೋಗುವುದಿಲ್ಲವೇ, ಇದೂ ಹಾಗೇ. ದುರ್ಗದ ಸಾಲು ಒಂದು ನೆತ್ತಿ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲೂಕು ದಾಟಿ ಹಿಂದೂಪುರದ ಕಡೆ ಉತ್ತರ ಪಿನಾಕಿನಿಗೆ ಸೇರುತ್ತದೆ. ಅದೇ ಪಿನಾಕಿನಿ ಮುಂದೆ ಪೆನ್ನಾ ಅನ್ನಿಸಿಕೊಂಡು ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರ ಮುಟ್ಟುತ್ತದೆ. ಪಕ್ಕಪಕ್ಕದಲ್ಲಿ ಬಿದ್ದ ಎರಡು ಹನಿ ಬಂಗಾಳಕೊಲ್ಲಿಯನ್ನು ಎರಡು ಬೇರೆ ಬೇರೆ ಊರಲ್ಲಿ ಸೇರಬಹುದು. ಸಣ್ಣ ಹಳ್ಳಗಳ ದಾರಿಯನ್ನೂ ಗಮನಿಸಿ. ಬೆಟ್ಟದ ಮೇಲೆ ಅವು ಬಳುಕಿಕೊಂಡು ಹರಿಯುವುದು ಕಡಿಮೆ, ನೆಟ್ಟಗೆ ಹೋಗಿ ಥಟ್ಟನೆ ತಿರುಗುತ್ತವೆ. ಒಂದು ಸೀಳು ಹಿಡಿದು ಹೋಗಿ, ಅದನ್ನು ಕತ್ತರಿಸುವ ಇನ್ನೊಂದು ಸೀಳಿಗೆ ಇಳಿಯುತ್ತವೆ.

ನಾಮದ ಚಿಲುಮೆ ಬಗ್ಗೆ, ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಹೊಡೆದ ಕಥೆ ಎಲ್ಲರಿಗೂ ಗೊತ್ತು. ಭೂವಿಜ್ಞಾನದ ಕಥೆ ಇಷ್ಟೇ: ಮೇಲಿನ ಕಾಡಿನಲ್ಲಿ ಇಂಗಿದ ನೀರು ಬಂಡೆಯ ಸೀಳಿನಲ್ಲಿ ಇಳಿದು, ಬುಡದಲ್ಲಿ ಸೀಳು ಬಾಯಿ ಬಿಟ್ಟ ಕಡೆ ಹೊರಬರುತ್ತದೆ. ಎರಡು ಕಥೆಯಲ್ಲೂ ಬಂಡೆಯಲ್ಲಿ ಒಂದು ತೂತು ಬೇಕೇ ಬೇಕು.

ಪ್ರಶ್ನೆ: ನಾವು ಚಿಕ್ಕವರಿದ್ದಾಗ ಹೊಳೆ ಪಕ್ಕದ ತಲಪರಿಗೆಯಿಂದ ಗದ್ದೆಗೆ ನೀರು ಹರಿಯುತ್ತಿತ್ತು. ಮೋಟಾರ್ ಇಲ್ಲ, ಕಪಿಲೆ ಇಲ್ಲ. ಈಗ ಅಲ್ಲಿ ಜಾಲಿ ಬೆಳೆದಿದೆ. ಆ ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿ ಹೋಯಿತು? (ಮಧುಗಿರಿ ತಾಲೂಕಿನ ರೈತರು, ಪಾವಗಡ, ಶಿರಾದಿಂದಲೂ ಇದೇ ಪ್ರಶ್ನೆ)

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ತಲಪರಿಗೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಹೊಳೆ, ಹಳ್ಳ ಅಥವಾ ಕೆರೆಯ ಮಗ್ಗುಲಲ್ಲಿ ನೀರು ಜಿನುಗುವ ಜಾಗ ನೋಡಿ ಚೌಕಾಕಾರದ ಗುಂಡಿ ತೆಗೆದು, ಸುತ್ತ ಕಲ್ಲು ಕಟ್ಟಿ, ತುಂಬಿ ಬಂದ ನೀರನ್ನು ಕಾಲುವೆ ಮಾಡಿ ಇಳಿಜಾರಿನ ಗದ್ದೆಗೆ ಬಿಡುವುದು. ಊರವರು ಸೇರಿ ವರ್ಷ ವರ್ಷ ಹೂಳು ತೆಗೆಯಬೇಕು, ನೀರು ಹಂಚಿಕೊಳ್ಳುವುದು ಸರದಿ ಪ್ರಕಾರ. ಮಳೆ ಕಡಿಮೆ ಇರುವ ಈ ಒಣ ತಾಲೂಕುಗಳಲ್ಲಿ ಬೇಸಿಗೆ ಬೆಳೆಗೂ ಇದರ ನೀರು ಆಗುತ್ತಿತ್ತು.

ನೀರು ಬರುತ್ತಿದ್ದದ್ದು ಬೆಟ್ಟದಿಂದ, ಆದರೆ ಮೇಲಿನಿಂದಲ್ಲ, ಒಳಗಿನಿಂದ. ಮಧುಗಿರಿ ಕಡೆಯ ಬೋಳು ಬಂಡೆ ಮೇಲೆ ಮಳೆ ಬಿದ್ದರೆ ಒಂದು ಹನಿಯೂ ಅಲ್ಲಿ ನಿಲ್ಲುವುದಿಲ್ಲ, ಪೂರ್ತಿ ಬುಡಕ್ಕೆ ಓಡಿ ಬರುತ್ತದೆ. ಬುಡದಲ್ಲಿ ಏನಿದೆ? ಕೊಳೆತ ಗ್ರಾನೈಟ್. ನೀವು ಬಾವಿ ತೋಡುವಾಗ ನೋಡಿರುತ್ತೀರಿ, ಕಲ್ಲಿನ ಹಾಗೇ ಕಾಣುತ್ತದೆ, ಹರಳು ಹರಳಾಗಿ ಇರುತ್ತದೆ, ಆದರೆ ಹಾರೆ ಹಾಕಿದರೆ ಗರಗರ ಅಂತ ಉದುರುತ್ತದೆ. ಕೈಯಲ್ಲಿ ಹಿಡಿದು ಹಿಸುಕಿದರೆ ಗುಲಾಬಿ ಫೆಲ್ಡ್‌ಸ್ಪಾರ್ ಬಿಳಿ ಜೇಡಿಯಾಗಿ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಬೆಣಚು ಮಾತ್ರ ಚೂಪಾಗಿ ಉಳಿಯುತ್ತದೆ. ಗಟ್ಟಿ ಬಂಡೆಗೆ ಕುಡಿಯಲು ಬರುವುದಿಲ್ಲ, ಈ ಗರಸಿಗೆ ಬರುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ತಿಂಗಳುಗಟ್ಟಲೆ ಇಟ್ಟುಕೊಂಡು ನಿಧಾನಕ್ಕೆ ಇಳಿಜಾರಿಗೆ ಬಿಡುತ್ತದೆ. ಕೆಳಗೆ ಹುಟ್ಟುಬಂಡೆ ಇರುವುದರಿಂದ ಆಳಕ್ಕೆ ಇಳಿಯಲು ದಾರಿ ಕಡಿಮೆ. ಕಣಿವೆಯಲ್ಲಿ ಬಂಡೆ ಮೇಲಕ್ಕೆ ಬಂದ ಕಡೆ ನೀರಿಗೂ ಮೇಲೆ ಬರುವುದು ಬಿಟ್ಟು ಬೇರೆ ದಾರಿ ಇಲ್ಲ. ಅಲ್ಲೇ ನಿಮ್ಮ ಹಿರಿಯರು ಗುಂಡಿ ತೆಗೆದಿದ್ದರು. ಯಾವ ಮೀಟರೂ ಇಲ್ಲದೆ, ಬೇಸಿಗೆಯಲ್ಲಿ ಎಲ್ಲಿ ಹುಲ್ಲು ಹಸಿರಾಗಿದೆ ಅಂತ ನೋಡಿ.

ಎಲ್ಲಿ ಹೋಯಿತು ಅಂದರೆ ಎರಡು ಕಡೆ. ಒಂದು, ಬೋರ್‌ವೆಲ್‌ಗಳು ಈ ಗರಸಿನ ಕೆಳಗಿನ ಸೀಳುಗಳನ್ನು ಬರಿದು ಮಾಡಿದವು, ಗರಸಿನ ನೀರು ಕೆಳಕ್ಕೆ ಸೋರಿತು. ನೀರಿನ ಮಟ್ಟ ತಲಪರಿಗೆಯ ತಳಕ್ಕಿಂತ ಒಂದು ಅಡಿ ಇಳಿದರೂ ಸಾಕು, ಅದು ಬತ್ತಿದ ಹಾಗೇ. ಎರಡು, ಮರಳು. ಹೊಳೆಯ ಮರಳೆಂದರೆ ಇದೇ ಗ್ರಾನೈಟಿನ ಬೆಣಚು, ಫೆಲ್ಡ್‌ಸ್ಪಾರ್ ಚೂರು, ಮಳೆನೀರು ತೊಳೆದು ತಂದು ಹಾಸಿದ್ದು. ಅದೊಂದು ತೊಟ್ಟಿ. ತೊಟ್ಟಿಯನ್ನೇ ಲಾರಿಗೆ ತುಂಬಿ ಬೆಂಗಳೂರಿಗೆ ಕಳಿಸಿದ ಮೇಲೆ ನೀರು ನಿಲ್ಲುವುದಾದರೂ ಎಲ್ಲಿ? ನಿಮ್ಮ ತಲಪರಿಗೆಯ ಸುತ್ತ ಬೋರ್ ಕಡಿಮೆ ಇದ್ದು, ಮೇಲಿನ ಕೆರೆ ಇನ್ನೂ ತುಂಬುತ್ತಿದ್ದರೆ ಹೂಳು ತೆಗೆಸಿ ನೋಡಿ. ಕೆರೆ ಒಣಗಿ, ಸುತ್ತ ಬೋರ್ ತುಂಬಿದ್ದರೆ ಬರೀ ಗುಂಡಿ ಚೊಕ್ಕಟ ಮಾಡಿ ಪ್ರಯೋಜನ ಇಲ್ಲ.

ಪ್ರಶ್ನೆ: ಪಕ್ಕದ ಹೊಲದವರಿಗೆ 300 ಅಡಿಗೆ ಮೂರು ಇಂಚು ನೀರು. ನಾವು ಪಾಯಿಂಟ್ ಮಾಡಿಸಿ 1200 ಅಡಿ ಕೊರೆಸಿದೆವು, ಬರೀ ಧೂಳು. ಇದೇನು ಅನ್ಯಾಯ? (ಚಿಂತಾಮಣಿ ಕಡೆಯಿಂದ)

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಸಾಲ ಮಾಡಿ ಕೊರೆಸಿರುತ್ತೀರಿ. ಆದರೆ ಬಂಡೆಯೊಳಗೆ ನೀರಿನ ಹೊಳೆ ಅಥವಾ ಕೆರೆ ಇಲ್ಲ. ಇರುವುದು ಸೀಳು, ಬೋರ್ ಲಾರಿಯವರ ಭಾಷೆಯಲ್ಲಿ ಗ್ಯಾಪ್. ಆರೂವರೆ ಇಂಚಿನ ಬೋರು ಒಂದು ನೀರಿರುವ ಸೀಳನ್ನು ಮುಟ್ಟಿದರೆ ನೀರು, ಒಂದು ಮಾರು ಈಚೆ ಬಿದ್ದರೆ ಧೂಳು. ಪಕ್ಕದವರ ಪುಣ್ಯ, ನಿಮ್ಮ ಪಾಪ ಅಂತೇನೂ ಇಲ್ಲ. ಆಳದ ವಿಷಯದಲ್ಲಿ ಮಾತ್ರ ನನ್ನ ಮಾತು ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ. ‘ಇನ್ನೂರು ಅಡಿ ಇಳಿಸಿ ನೋಡೋಣ’ ಅನ್ನುವ ಆಸೆ ಇದೆಯಲ್ಲ, ಅದೇ ಮನೆ ಮುಳುಗಿಸುವುದು. ಕೊಳೆತ ಪದರ ಸಾಮಾನ್ಯವಾಗಿ ಮೇಲಿನ 30 ಮೀಟರಿನೊಳಗೆ ಮುಗಿಯುತ್ತದೆ. ಕೆಳಗಿನ ಗಟ್ಟಿ ಬಂಡೆಯಲ್ಲಿ ಆಳಕ್ಕೆ ಹೋದಷ್ಟೂ ಸೀಳು ಕಡಿಮೆ, ಇದ್ದರೂ ಮೇಲಿನ ಭಾರಕ್ಕೆ ಬಿಗಿಯಾಗಿ ಮುಚ್ಚಿರುತ್ತವೆ. ಸಾವಿರ ಅಡಿಯಲ್ಲೂ ನೀರು ಸಿಕ್ಕವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ನೀರು ತುಂಬಿಕೊಳ್ಳಲು ಎಷ್ಟೋ ಕಾಲ ಹಿಡಿದಿರುತ್ತದೆ, ಎರಡು ಬೇಸಿಗೆ ಓಡಿಸಿ ಖಾಲಿ ಮಾಡುತ್ತೇವೆ.

ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುವವರ ಬಗ್ಗೆಯೂ ಕೇಳಿದ್ದೀರಿ. ಕಾಯಿ ಎದ್ದು ನಿಲ್ಲುವುದಕ್ಕೂ ಬಂಡೆಯ ಸೀಳಿಗೂ ಸಂಬಂಧ ಇಲ್ಲ. ಅವರಲ್ಲಿ ಕೆಲವರಿಗೆ ನೆಲ ಓದುವ ಕಣ್ಣು ಚೆನ್ನಾಗಿರುತ್ತದೆ ಅಷ್ಟೇ. ಕಾಸು ಖರ್ಚು ಮಾಡುವುದೇ ಆದರೆ ಭೂವಿಜ್ಞಾನಿಯಿಂದ ವಿದ್ಯುತ್ ನಿರೋಧ ಪರೀಕ್ಷೆ (ನೆಲಕ್ಕೆ ಕರೆಂಟ್ ಹಾಯಿಸಿ ಒಳಗಿನ ಪದರ ಅಂದಾಜು ಮಾಡುವುದು) ಮಾಡಿಸಿ. ಕೊರೆಯುವಾಗ ಹತ್ತು ಹತ್ತು ಅಡಿಗೆ ಬರುವ ಪುಡಿಯನ್ನು ಒಂದೊಂದು ಗುಡ್ಡೆ ಹಾಕಿಸಿ, ಬಣ್ಣ ಬರೆದಿಟ್ಟುಕೊಳ್ಳಿ. ಕೆಂಪು, ಕಂದು ಪುಡಿ ಬಂತೆಂದರೆ ಅಲ್ಲಿ ನೀರು ಓಡಾಡಿದೆ. ಒಂದೇ ಸಮ ಬಿಳಿ ಬೂದು ಹಿಟ್ಟು ಬರುತ್ತಾ ಹೋದರೆ ನಿಲ್ಲಿಸಿ. ಕೋಲಾರ, ಚಿಕ್ಕಬಳ್ಳಾಪುರದ ಹೆಚ್ಚಿನ ತಾಲೂಕುಗಳಲ್ಲಿ ಅಂತರ್ಜಲ ಮಿತಿಮೀರಿ ಬಳಕೆಯಾಗಿದೆ ಅಂತ ಸರ್ಕಾರದ ಪಟ್ಟಿಯೇ ಹೇಳುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂದ ಮೇಲೆ ಸುತ್ತಲ ಬೋರ್‌ಗಳಲ್ಲಿ ನೀರು ಏರಿದ್ದನ್ನು ಜನ ಕಂಡಿದ್ದಾರೆ. ಕೆರೆಗೂ ಬೋರಿಗೂ ಸೀಳಿನ ನಂಟು ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದೇ ನಂಟಿನಿಂದ ಕೊಳೆಯೂ ಇಳಿಯಬಹುದು, ಹಾಗಾಗಿ ನೀರನ್ನು ಇನ್ನೊಂದು ಹಂತ ಶುದ್ಧ ಮಾಡಿ ಬಿಡಿ ಅನ್ನುವ ಅಲ್ಲಿನವರ ಕೂಗು ನ್ಯಾಯವಾದದ್ದೇ.

ಪ್ರಶ್ನೆ: ನಮ್ಮ ಹೊಲದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಕರಿಕಲ್ಲಿನ ಸಾಲು ಹೋಗಿದೆ, ಹಳೇ ಕೋಟೆಗೋಡೆ ಬಿದ್ದ ಹಾಗೆ. ಅಕ್ಕಪಕ್ಕ ಎಲ್ಲಾ ಬಿಳಿಗಲ್ಲು. ನಿಧಿ ಇದೆ ಅಂತ ರಾತ್ರಿ ಯಾರೋ ಅಗೆದಿದ್ದಾರೆ. (ಗೌರಿಬಿದನೂರು ತಾಲೂಕಿನಿಂದ)

ಉತ್ತರ: ಅಗೆದವರಿಗೆ ಬೆನ್ನುನೋವು ಬಿಟ್ಟು ಬೇರೇನೂ ಸಿಕ್ಕಿರಲಾರದು. ಅದು ಕೋಟೆಯಲ್ಲ, ಡೈಕ್. ಗ್ರಾನೈಟ್ ಪೂರ್ತಿ ತಣ್ಣಗಾಗಿ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ನೆಲ ಉದ್ದಕ್ಕೂ ಬಿರಿದು, ಆ ಬಿರುಕಿಗೆ ಕೆಳಗಿಂದ ಕರಗಿದ ಕಪ್ಪು ಕಲ್ಲು ನುಗ್ಗಿ ಗಟ್ಟಿಯಾದದ್ದು. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಸುತ್ತ ಹೀಗೆ ಪೂರ್ವ ಪಶ್ಚಿಮವಾಗಿ ಹೋಗುವ ಸಾಲುಗಳು ಬೇಕಾದಷ್ಟಿವೆ, ವಯಸ್ಸು ಸುಮಾರು 237 ಕೋಟಿ ವರ್ಷ. ಒಂದು ಗುಂಡನ್ನು ಸುತ್ತಿಗೆಯಿಂದ ತಟ್ಟಿ ನೋಡಿ, ಸದ್ದು ಠಣ್ ಅನ್ನುತ್ತದೆ. ಹೊರಗೆ ಕಬ್ಬಿಣ ತುಕ್ಕು ಹಿಡಿದ ಕಂದು ಸಿಪ್ಪೆ, ಒಳಗೆ ಕಡುಗಪ್ಪು, ಕಣ್ಣಿಗೆ ಹರಳೇ ಕಾಣದಷ್ಟು ನುಣ್ಣನೆ. ಸಣ್ಣ ಬಿರುಕಿನಲ್ಲಿ ಬೇಗ ತಣಿದದ್ದರಿಂದ ಹರಳು ಬೆಳೆಯಲು ಪುರಸೊತ್ತೇ ಸಿಗಲಿಲ್ಲ. ಕಲ್ಲಿನ ವ್ಯಾಪಾರದಲ್ಲಿ ಇದನ್ನು ಕಪ್ಪು ಗ್ರಾನೈಟ್ ಅನ್ನುತ್ತಾರೆ, ಇದು ಗ್ರಾನೈಟೇ ಅಲ್ಲ, ಇರಲಿ.

ನಿಧಿ ಅಂದಿರಲ್ಲ, ಒಂದು ಲೆಕ್ಕದಲ್ಲಿ ಇದೆ. ಡೈಕ್ ಗಟ್ಟಿಯಾಗಿದ್ದರೆ ನೆಲದೊಳಗೆ ಕಟ್ಟೆಯ ಕೆಲಸ ಮಾಡುತ್ತದೆ. ಇಳಿಜಾರಿಗೆ ಹೋಗುತ್ತಿದ್ದ ಅಂತರ್ಜಲ ಅದರ ಎತ್ತರದ ಕಡೆಯ ಮಗ್ಗುಲಲ್ಲಿ ತಡೆದು ನಿಲ್ಲುತ್ತದೆ. ಬಾವಿ ತೆಗೆಯುವುದಾದರೆ ಆ ಕಡೆ ಯೋಚಿಸಿ, ಡೈಕಿನ ನಡುಮಧ್ಯೆ ಬೋರ್ ಹಾಕಿಸಬೇಡಿ.

ಪ್ರಶ್ನೆ: ಬಂಗಾರಪೇಟೆ ಹತ್ತಿರ ನಮ್ಮ ಜಮೀನು. ಕಲ್ಲು ಒಡೆದರೆ ಹಳದಿಯಾಗಿ ಹೊಳೆಯುತ್ತದೆ. ಚಿನ್ನ ಇರಬಹುದಾ?

ಉತ್ತರ: ತೆಳ್ಳಗೆ ಹಾಳೆ ಹಾಳೆಯಾಗಿ ಉಗುರಿನಲ್ಲಿ ಏಳುತ್ತಿದ್ದರೆ ಅದು ಕಾಗೆಬಂಗಾರ. ಚಿನ್ನ ಹಾಳೆಯಾಗಿ ಏಳುವುದಿಲ್ಲ, ಸೂಜಿಯಿಂದ ಒತ್ತಿದರೆ ತಗ್ಗು ಬೀಳುತ್ತದೆ. ಕೋಲಾರದ ಚಿನ್ನದ ಪಟ್ಟಿ ಗ್ರಾನೈಟಿನದಲ್ಲ. ಸುಮಾರು 80 ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲದ ಕಪ್ಪು, ಹಸಿರು ಮಿಶ್ರಿತ ಕಲ್ಲಿನ ಪಟ್ಟಿ ಅದು. ಮೂಲತಃ ಸಮುದ್ರದಡಿ ಹರಿದ ಲಾವಾ, ಸುಮಾರು 270 ಕೋಟಿ ವರ್ಷದ್ದು. ನೀರಿಗೆ ಬಿದ್ದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾಗುತ್ತದೆ. ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯ ಅಂಥ ಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದಾರೆ, ಬಂಗಾರಪೇಟೆಯಿಂದ ಹೋಗಿ ನೋಡಬಹುದು. ಚಿನ್ನ ಸೇರಿಕೊಂಡದ್ದು ಆ ಪಟ್ಟಿಯ ಸೀಳುಗಳಲ್ಲಿ. ಬಿಸಿನೀರು ಬೆಣಚನ್ನೂ ಚಿನ್ನವನ್ನೂ ಕರಗಿಸಿಕೊಂಡು ಏರಿ ಬಂದು ಅಲ್ಲಿ ಬಿಟ್ಟುಹೋಯಿತು. ಆ ಸೀಳಿನ ಬೆನ್ನು ಹತ್ತಿಯೇ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ ಇಳಿದದ್ದು. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ, ಖರ್ಚು ಹುಟ್ಟದೆ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲೇ 1965ರಲ್ಲಿ, 2 ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು. ಮೇಲಿನ ಬಂಡೆ ಬೇರೆಲ್ಲ ಕಣಗಳನ್ನು ಸೋಸಿಬಿಟ್ಟಿತ್ತು.

ಪ್ರಶ್ನೆ: ಗಟ್ಟಿ ಬಂಡೆ, ಭೂಕಂಪ ಆಗಲ್ಲ ಅಂತಿದ್ದರು. 2021ರ ಕೊನೆಯಲ್ಲಿ ನಮ್ಮ ಕಡೆ ನೆಲದೊಳಗಿಂದ ಸದ್ದು, ಪಾತ್ರೆ ಅಲ್ಲಾಡಿತು. ಮತ್ತೆ ಆಗುತ್ತಾ? (ಚಿಕ್ಕಬಳ್ಳಾಪುರ ಜಿಲ್ಲೆಯಿಂದ)

ಉತ್ತರ: ಆ ಡಿಸೆಂಬರಿನಲ್ಲಿ ದಾಖಲಾದದ್ದು ಭೂಕಂಪದ ಮಾಪಕದಲ್ಲಿ 3ರ ಆಸುಪಾಸಿನ ಸಣ್ಣ ಕಂಪನಗಳು. ಆ ವರ್ಷ ಮಳೆ ವಿಪರೀತ, ಒಣಗಿದ್ದ ಸೀಳುಗಳಿಗೆಲ್ಲ ಒಮ್ಮೆಲೇ ನೀರು ಇಳಿದು ಒತ್ತಡ ಹೆಚ್ಚಿ ಬಂಡೆ ಕೊಂಚ ಜರುಗಿದ್ದು ಕಾರಣ ಇರಬಹುದು ಅನ್ನುವುದು ವಿಜ್ಞಾನಿಗಳು ಕೊಟ್ಟ ವಿವರಣೆ. ಕಂಪನ ಆಳದ್ದಲ್ಲದಿದ್ದರೆ ಗಟ್ಟಿ ಬಂಡೆಯಲ್ಲಿ ಸದ್ದು ಚೆನ್ನಾಗಿ ಕೇಳುತ್ತದೆ, ಅದಕ್ಕೇ ಹೆದರಿಕೆ ಜಾಸ್ತಿ. ಇಂಥ ಸಣ್ಣವು ಮತ್ತೆ ಆಗಬಹುದು, ದೊಡ್ಡದಕ್ಕೆ ಹೆದರಿ ಊರು ಬಿಡುವಂಥದ್ದಲ್ಲ. ನಿಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳ ಸಾಲು 1960ರ ದಶಕದಿಂದ ಇದೆ. ದೂರದ ದೇಶಗಳ ಅಣುಸ್ಫೋಟದ ಕಂಪನ ಹಿಡಿಯಲು ಇಟ್ಟದ್ದು. ಸದ್ದುಗದ್ದಲ ಇಲ್ಲದ ಹಳೆಯ ಗಟ್ಟಿ ನೆಲ ಅದಕ್ಕೆ ಬೇಕಿತ್ತು.

ಪ್ರಶ್ನೆ: ಪಾವಗಡದ ನೀರಲ್ಲಿ ಫ್ಲೋರೈಡ್ ಯಾಕೆ ಜಾಸ್ತಿ? ಕುದಿಸಿದರೆ ಹೋಗುತ್ತದಾ?

ಉತ್ತರ: ಗ್ರಾನೈಟಿನ ಅಭ್ರಕ, ಅಪಟೈಟ್‌ನಂಥ ಖನಿಜಗಳಲ್ಲೇ ಫ್ಲೋರಿನ್ ಇರುತ್ತದೆ. ನೀರು ಆಳದ ಸೀಳಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದ್ದೋ, ಹಿಡಿದಿಟ್ಟ ಮಳೆನೀರೋ ಕುಡಿಯಿರಿ, ಮಕ್ಕಳಿಗಂತೂ ಬೋರ್ ನೀರು ಬೇಡ.

ಪ್ರಶ್ನೆ: ನಮ್ಮ ತಾತ ಬಂಡೆ ಕೆಲಸದವರು. ಸಿಡಿಮದ್ದು ಇಲ್ಲದೆ ಬಂಡೆ ಮೇಲೆ ಸೌದೆ ಉರಿಸಿ ಅಗಲವಾದ ಚಪ್ಪಡಿ ಎಬ್ಬಿಸುತ್ತಿದ್ದರಂತೆ. ಬೆಂಕಿಗೆ ಕಲ್ಲು ಒಡೆದು ಚೂರಾಗಬೇಕಲ್ವಾ? (ಶಿಡ್ಲಘಟ್ಟ ತಾಲೂಕಿನಿಂದ)

ಉತ್ತರ: ಒಂದೇ ಕಡೆ ಜೋರಾಗಿ ಉರಿಸಿದರೆ ಚೂರೇ ಆಗುತ್ತದೆ. ಅವರ ಕಸುಬು ಇದ್ದದ್ದು ಬೆಂಕಿಯನ್ನು ನಡೆಸುವುದರಲ್ಲಿ. ಸಮತಟ್ಟಾದ, ನೆಟ್ಟಗಿನ ಸೀಳಿಲ್ಲದ ಬಂಡೆ ಆರಿಸಿಕೊಂಡು, ಸೌದೆಯನ್ನು ಗೆರೆಯಾಗಿ ಹರಡಿ ಉರಿಸಿ, ಕಾದ ಹಾಗೆ ಬೆಂಕಿಯನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ದಬ್ಬುತ್ತಿದ್ದರು. ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನ ತಣ್ಣನೆಯ ಬಂಡೆ ಹಿಗ್ಗುವುದಿಲ್ಲ, ನಡುವೆ ಅಡ್ಡಲಾಗಿ ಬಿಡುತ್ತದೆ. ಬೆಟ್ಟ ತಾನಾಗಿ ಪದರ ಬಿಡಲು ಎಷ್ಟೋ ಸಾವಿರ ವರ್ಷ ತೆಗೆದುಕೊಳ್ಳುವ ಕೆಲಸವನ್ನು ಇವರು ಬೆಂಕಿಯಿಂದ ಬೇಗ ಮಾಡಿಸುತ್ತಿದ್ದರು. ಪದರ ಎದ್ದಿದೆಯಾ ಅನ್ನುವುದು ಕಿವಿಯ ಲೆಕ್ಕ. ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಹುಟ್ಟುಬಂಡೆಗೆ ಅಂಟಿಕೊಂಡ ಕಡೆ ಸದ್ದು ಗಟ್ಟಿ, ಬಿಟ್ಟ ಕಡೆ ಟೊಳ್ಳು. ಎಲ್ಲಿವರೆಗೆ ಟೊಳ್ಳು ಸದ್ದು ಬಂತೋ ಅಲ್ಲಿಗೆ ಗುರುತು ಹಾಕಿ, ಚಾಣದಿಂದ ಸಾಲಾಗಿ ಗುಳಿ ಹೊಡೆದು, ಬೆಣೆ ಇಟ್ಟು ಸೀಳಿದರೆ ಮನೆಗೆ ಹಾಸುಗಲ್ಲು, ಹೊಲಕ್ಕೆ ಬೇಲಿಕಲ್ಲು, ದ್ರಾಕ್ಷಿ ಚಪ್ಪರಕ್ಕೆ ಕಂಬ. ಬೆಣೆ ಇಡುವುದಕ್ಕೂ ಒಂದು ದಿಕ್ಕಿದೆ. ಗ್ರಾನೈಟ್ ಒಂದು ಕಡೆಗೆ ಸಲೀಸಾಗಿ ಸೀಳುತ್ತದೆ, ಅದಕ್ಕೆ ಅಡ್ಡ ಹೋದರೆ ಸತಾಯಿಸುತ್ತದೆ. ಹರಳುಗಳು ಮಲಗಿದ ದಿಕ್ಕು, ಕಣ್ಣಿಗೆ ಕಾಣದ ಸಣ್ಣ ಬಿರುಕುಗಳ ದಿಕ್ಕು ಅದನ್ನು ತೀರ್ಮಾನ ಮಾಡುತ್ತವೆ. ನಿಮ್ಮ ಮನೆಯಲ್ಲಿ ತಾತ ಎಬ್ಬಿಸಿದ ಚಪ್ಪಡಿ ಇದ್ದರೆ ಅಂಚು ತಿರುಗಿಸಿ ನೋಡಿ, ಗುಳಿಗಳ ಅರ್ಧ ಗುರುತು ಸಾಲಾಗಿ ಇರುತ್ತದೆ. ಹಾಸಿನ ಮೇಲ್ಮೈಗೆ ಮಾತ್ರ ಗುಳಿ ಗುರುತು ಇರುವುದಿಲ್ಲ, ಅದು ಬೆಂಕಿ ಬಿಡಿಸಿದ ಮುಖ.